ನಮ್ಮ ಮನೆಯಲ್ಲಿ ದೀಪಾವಳಿ ನಿಂತದ್ದು ಯಾವಾಗ?

(ಹಾಸನದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಕೇಳಿದವರಲ್ಲಿ ಕೆಲವರು ಬರೆದುಕೊಡಿ ಎಂದರು. ಅವತ್ತು ಹೊತ್ತಾಯಿತೆಂದು ಬಿಟ್ಟದ್ದನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಯಲ್ಲಿ ದೀಪಾವಳಿ ಇಲ್ಲ. ನಾನು ಹುಟ್ಟುವ ಎಷ್ಟೋ ಮೊದಲಿನಿಂದಲೂ ಇಲ್ಲ. ಬೀದಿಯಲ್ಲೆಲ್ಲ ದೀಪ ಉರಿಯುತ್ತಿದ್ದರೆ ನಮ್ಮ ಜಗಲಿ ಮಾತ್ರ ಕತ್ತಲು. ಚಿಕ್ಕವನಿದ್ದಾಗ ಕೇಳಿದರೆ ಅವ್ವ, "ನಮಗೆ ಆ ಹಬ್ಬ ನಿಂತೈತೆ ಕಣಪ್ಪ" ಅನ್ನುತ್ತಿದ್ದರು. ನಿಮ್ಮಲ್ಲಿ ಹಲವರಿಗೆ ಇದು ಗೊತ್ತಿರುತ್ತದೆ. ಹಬ್ಬದ ದಿನ ಮನೆಯಲ್ಲಿ ಸಾವಾದರೆ ಆ ಹಬ್ಬ ನಿಲ್ಲುತ್ತದೆ. ಮುಂದೆ ಎಂದಾದರೂ ಅದೇ ಹಬ್ಬದ ದಿನ ಮನೆಯಲ್ಲಿ ಮಗುವೋ ಕರುವೋ ಹುಟ್ಟಿದರೆ ಮತ್ತೆ ಶುರು. ನಮ್ಮಲ್ಲಿ ಹುಟ್ಟಲೇ ಇಲ್ಲ.

ಸತ್ತವರು ಯಾರು? ನಮ್ಮ ತಾತನ ತಾಯಿ. ಅಷ್ಟು ಗೊತ್ತಿತ್ತು. ಆಗ ತಾತನಿಗೆ ಆರೋ ಏಳೋ ವರ್ಷ. ನೀರು ತುಂಬುವ ಹಬ್ಬದ ಸಂಜೆ ಹಂಡೆ ಬೆಳಗಿ, ಸುಣ್ಣದ ಪಟ್ಟೆ ಎಳೆದು, ನೀರು ತುಂಬಿಟ್ಟಿದ್ದರಂತೆ. ಬೆಳಗಾಗುವಷ್ಟರಲ್ಲಿ ಆಕೆ ಹೋಗಿಬಿಟ್ಟರು. ತುಂಬಿಟ್ಟ ನೀರನ್ನೆಲ್ಲ ಹೊರಗೆ ಚೆಲ್ಲಿದರು. ಆ ನೀರು ಅಂಗಳದಲ್ಲಿ ಹರಿದದ್ದು ತಾತನಿಗೆ ಕೊನೆಯವರೆಗೂ ನೆನಪಿತ್ತು. ತಾಯಿಯ ಮುಖ ನೆನಪಿರಲಿಲ್ಲ. ಹೆಸರೂ ಗೊತ್ತಿರಲಿಲ್ಲ. "ಅವ್ವ ಅಂತಿದ್ದೆ, ಹೆಸರು ಯಾರು ಹೇಳ್ತಿದ್ರು?" ಅನ್ನುತ್ತಿದ್ದರು. ಪಿತೃಪಕ್ಷದಲ್ಲಿ ಎಡೆ ಇಡುವಾಗ ಗಂಡಸರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದೆವು. ಆಕೆಯ ಸರದಿ ಬಂದಾಗ "ಹಿರಿಯಮ್ಮ" ಅಂದು ಕೈಮುಗಿಯುತ್ತಿದ್ದೆವು.

ನಾನು ಮೇಷ್ಟ್ರಾಗಿದ್ದವನು. ನಿವೃತ್ತಿಯಾದ ಮೇಲೆ ಆ ಒಂದು ಹೆಸರನ್ನು ಹುಡುಕಲು ಹೊರಟೆ. ನಾಲ್ಕು ವರ್ಷ ಹಿಡಿಯಿತು. ಹುಡುಕುತ್ತಾ ಹೋದಾಗ ಯಾವ ಪುಸ್ತಕದಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದು ತಿಳಿಯುತ್ತಾ ಬಂತು. ಇವತ್ತು ಹೇಳುವುದು ಅದನ್ನೇ.

ಶುರು ಮಾಡಿದ್ದು ಜನಗಣತಿಯಿಂದ. ಅದಕ್ಕೆ ಒಂದು ಕಾರಣವಿದೆ. ನನ್ನ ಸ್ನೇಹಿತರ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅವಳ ಜೊತೆ ಕೆಲಸ ಮಾಡುವವರೊಬ್ಬರು ತಮ್ಮ ಮುತ್ತಾತ 1921ರ ಜನಗಣತಿಗೆ ಸ್ವಂತ ಕೈಯಲ್ಲಿ ತುಂಬಿಕೊಟ್ಟ ಹಾಳೆಯನ್ನು ಕಂಪ್ಯೂಟರಿನಲ್ಲಿ ತೋರಿಸಿದರಂತೆ. ಅಲ್ಲಿ ನೂರು ವರ್ಷ ಮುಚ್ಚಿಟ್ಟು ಆಮೇಲೆ ಜನರಿಗೆ ಬಿಡುತ್ತಾರೆ. 1921ರದ್ದು 2022ರ ಜನವರಿಯಲ್ಲಿ ಹೊರಬಂತು. ಅಮೆರಿಕದಲ್ಲಿ 72 ವರ್ಷಕ್ಕೇ ಬಿಡುತ್ತಾರೆ. 1950ರ ಹಾಳೆಗಳು ಅದೇ 2022ರ ಏಪ್ರಿಲ್‌ನಲ್ಲಿ ಬಂದವು. ಆ ಹುಡುಗಿ ಫೋನ್ ಮಾಡಿ, "ಅಂಕಲ್, ನಮ್ದೂ ಎಲ್ಲಾದ್ರೂ ಸಿಗುತ್ತಾ?" ಅಂತ ಕೇಳಿದಳು.

ಸಿಗುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ನಿಮ್ಮ ಒಂದು ವರ್ಷ ಉಳಿಯುತ್ತದೆ.

ಮೈಸೂರು ಸೀಮೆಯಲ್ಲಿ ಕ್ರಮಬದ್ಧವಾಗಿ ಮೊದಲ ಗಣತಿ ನಡೆದದ್ದು 1871ರಲ್ಲಿ. ಹಳಬರು ಅದನ್ನು ಖಾನೇಷುಮಾರಿ ಅನ್ನುತ್ತಿದ್ದರು. ಖಾನೆ ಅಂದರೆ ಮನೆ, ಷುಮಾರಿ ಅಂದರೆ ಎಣಿಕೆ. 1881ರಿಂದ ದೇಶಕ್ಕೆಲ್ಲ ಒಂದೇ ರಾತ್ರಿ ಎಣಿಸುವ ಪದ್ಧತಿ ಬಂತು. ಬೆಳದಿಂಗಳು ಇರುವ ರಾತ್ರಿಯನ್ನೇ ನೋಡಿ ದಿನ ಗೊತ್ತು ಮಾಡುತ್ತಿದ್ದರು. ಎಣಿಸುವವರು ಲಾಟೀನು ಹಿಡಿದು ಮನೆ ಮನೆಗೆ ಹೋಗಿ, ಮೊದಲೇ ಬರೆದಿಟ್ಟ ಪಟ್ಟಿಯನ್ನು ಸರಿ ನೋಡುತ್ತಿದ್ದರು. ಆ ಮೇಲೆ ಹುಟ್ಟಿದವರನ್ನು ಸೇರಿಸಿ, ಸತ್ತವರನ್ನು ಹೊಡೆದುಹಾಕುತ್ತಿದ್ದರು.

1911ರಲ್ಲಿ ಆ ರಾತ್ರಿ ಮಾರ್ಚ್ 10. ನಮ್ಮ ಮುತ್ತಜ್ಜಿ ಆಗ ಬೇಲೂರು ತಾಲೂಕಿನ ನಮ್ಮ ಊರಿಗೆ ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತು. ಆ ರಾತ್ರಿ ಯಾರೋ ನಮ್ಮ ಮನೆ ಬಾಗಿಲಿಗೆ ಬಂದು ಆಕೆಯನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. 1901ರಿಂದ ಪ್ರತಿ ಮನುಷ್ಯನಿಗೂ ಒಂದೊಂದು ಚೀಟಿ ಬರೆದು, ಆ ಚೀಟಿಗಳನ್ನು ವಿಂಗಡಿಸಿ ಎಣಿಸುತ್ತಿದ್ದರು. ಅಂದರೆ ಆಕೆಗೂ ಒಂದು ಚೀಟಿ ಇತ್ತು. ಲೆಕ್ಕ ಮುಗಿದ ಮೇಲೆ ಚೀಟಿಗಳನ್ನು ಇಟ್ಟುಕೊಳ್ಳಲಿಲ್ಲ. ಉಳಿದದ್ದು ಮೊತ್ತ. ಇಷ್ಟು ಗಂಡಸರು, ಇಷ್ಟು ಹೆಂಗಸರು. ಸ್ವಾತಂತ್ರ್ಯ ಬಂದ ಮೇಲೆ 1948ರ ಜನಗಣತಿ ಕಾಯಿದೆ ಇನ್ನೂ ಗಟ್ಟಿ ಮಾಡಿತು. ಗಣತಿಯಲ್ಲಿ ಒಬ್ಬರ ಬಗ್ಗೆ ಬರೆದದ್ದನ್ನು ಬೇರೆಯವರು ನೋಡುವಂತಿಲ್ಲ, ಕೋರ್ಟಿಗೆ ಸಾಕ್ಷಿಯಾಗಿಯೂ ತರುವಂತಿಲ್ಲ. ಜನ ಹೆದರದೆ ನಿಜ ಹೇಳಲಿ ಅಂತ ಮಾಡಿದ ಕಾನೂನು. ಅದು ಸರಿ ಅಂತಲೇ ನನಗೂ ಅನ್ನಿಸುತ್ತದೆ. ಆದರೆ ನೂರು ವರ್ಷವಾದ ಮೇಲೂ ಮೊಮ್ಮಕ್ಕಳಿಗೆ ಸಿಗದಂತೆ ಆ ಕಾಗದಗಳು ಹೋಗಿಬಿಟ್ಟವಲ್ಲ ಅನ್ನುವ ಸಂಕಟ ಬೇರೆ.

ಹಾಗಂತ ಗಣತಿಯ ವರದಿಗಳನ್ನು ಬದಿಗಿಡಬೇಡಿ. ಹೆಸರು ಕೊಡದಿದ್ದರೂ ಅವು ಕಾಲವನ್ನು ತೋರಿಸುತ್ತವೆ. 1871ರಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷದ 55 ಸಾವಿರ. ಹತ್ತು ವರ್ಷ ಕಳೆದು ಎಣಿಸಿದರೆ 41 ಲಕ್ಷದ 86 ಸಾವಿರ. ಎಂಟೂವರೆ ಲಕ್ಷಕ್ಕೂ ಜಾಸ್ತಿ ಜನ ಕಡಿಮೆ! ಅದು ಧಾತು ಈಶ್ವರದ ಬರ. 1876ರಿಂದ 78ರವರೆಗೆ, ಧಾತು, ಈಶ್ವರ ಅನ್ನುವ ಎರಡು ಸಂವತ್ಸರ ಹಿಡಿದುಕೊಂಡ ಬರ. ನಿಮ್ಮ ಮನೆಯಲ್ಲಿ "ನಮ್ಮವರು ಬರದಲ್ಲಿ ಊರು ಬಿಟ್ಟು ಮಲೆನಾಡಿಗೆ ಬಂದೋರು" ಅನ್ನುವ ಮಾತಿದ್ದರೆ ಮೊದಲು ನೋಡಬೇಕಾದದ್ದು ಆ ವರ್ಷಗಳನ್ನು.

1951ರಿಂದ ಈಚೆಗೆ ಜಿಲ್ಲೆಗೊಂದು ಗಣತಿ ಕೈಪಿಡಿ ಬಂದಿದೆ. ಅದರಲ್ಲಿ ಊರೂರಿನ ಲೆಕ್ಕ ಇದೆ. ಎಷ್ಟು ಮನೆ, ಎಷ್ಟು ಜನ. ಕೆಲವು ಊರುಗಳ ಮುಂದೆ ಜನಸಂಖ್ಯೆಯೇ ಇರುವುದಿಲ್ಲ. ಅಂಥವನ್ನು ಕಂದಾಯದವರು ಬೇಚರಾಕ್ ಗ್ರಾಮ ಅನ್ನುತ್ತಾರೆ. ನಾನು ಆ ಮಾತನ್ನು ಜೀವನವಿಡೀ ಕೇಳಿದ್ದೆ, ಅರ್ಥ ಕೇಳಿರಲಿಲ್ಲ. ಅದು ಪಾರ್ಸಿಯ ಬೇ-ಚಿರಾಗ್. ಚಿರಾಗ್ ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಮಲೆನಾಡು ಸೆರಗಿನಲ್ಲಿ ಇಂಥ ಊರುಗಳು ಎಷ್ಟೋ ಇವೆ. ಸರ್ವೆ ನಂಬರ್ ಇದೆ, ಎಲ್ಲೆ ಕಲ್ಲು ಇದೆ, ಮನೆ ಇಲ್ಲ. ಮಲೇರಿಯಾ, ಪ್ಲೇಗು, ಬರ ಎಲ್ಲವೂ ಸೇರಿ ಖಾಲಿ ಮಾಡಿದ್ದು. ಈ ಮಾತನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಮತ್ತೆ ಅಲ್ಲಿಗೆ ಬರುತ್ತೇನೆ.

ಹುಡುಕುವಾಗ ಹಳೇ ಹೆಸರುಗಳು ತಿಳಿದಿರಬೇಕು. 1947ರವರೆಗೆ ಚಿಕ್ಕಮಗಳೂರು ಜಿಲ್ಲೆ ಅಂತ ಇರಲಿಲ್ಲ. ಅದು ಕಡೂರು ಜಿಲ್ಲೆ. ಸಕಲೇಶಪುರ ತಾಲೂಕು ಮಂಜರಾಬಾದ್. ನರಸಿಂಹರಾಜಪುರ ಎಡೇಹಳ್ಳಿ. ಕಳಸ ಮೊನ್ನೆಮೊನ್ನೆವರೆಗೆ ಮೂಡಿಗೆರೆಯಲ್ಲಿತ್ತು, ಅಜ್ಜಂಪುರ ತರೀಕೆರೆಯಲ್ಲಿತ್ತು. ಈಗಿನ ತಾಲೂಕು ಕಚೇರಿಗೆ ಹೋಗಿ ಇಲ್ಲ ಅನ್ನಿಸಿಕೊಂಡು ಬರುವ ಎಷ್ಟೋ ಜನ ಹಳೇ ತಾಲೂಕಿಗೆ ಹೋಗಿದ್ದರೆ ಸಿಗುತ್ತಿತ್ತು.

ಈಗ ಸಾವಿನ ದಾಖಲೆಗೆ ಬರೋಣ. ಗಣತಿ ಬದುಕಿದ್ದವರನ್ನು ಎಣಿಸಿತು, ಹೆಸರು ಬಿಟ್ಟಿತು. ಹೆಸರು ಉಳಿದದ್ದು ಸತ್ತಾಗ.

ನಮ್ಮ ರಾಜ್ಯದಲ್ಲಿ ಪಟೇಲ, ಶಾನುಭೋಗರ ಕೆಲಸ ವಂಶದಿಂದ ಬರುತ್ತಿತ್ತು. 1963ರ ಫೆಬ್ರವರಿ 1ಕ್ಕೆ ಅದು ರದ್ದಾಯಿತು. ಅಲ್ಲಿಯವರೆಗೆ ಊರಿನ ಹುಟ್ಟು ಸಾವಿನ ಲೆಕ್ಕ ಬಹುಪಾಲು ಅವರ ಕೈಯಲ್ಲೇ. 1969ರ ಜನನ ಮರಣ ನೋಂದಣಿ ಕಾಯಿದೆ 1970ರಿಂದ ಜಾರಿಗೆ ಬಂತು. ಅಲ್ಲಿಂದ ಈಚಿನದು ಹೆಚ್ಚು ಕ್ರಮವಾಗಿದೆ. ಹಳೆಯ ಪುಸ್ತಕಗಳು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ. ಹೆಸರು, ಊರು, ಹೆಚ್ಚು ಕಡಿಮೆ ಯಾವ ವರ್ಷ ಅಂತ ಬರೆದು ಅರ್ಜಿ ಕೊಟ್ಟರೆ ಹುಡುಕಿ ನಕಲು ಕೊಡಬೇಕು. ಯಾರು ಬೇಕಾದರೂ ಕೇಳಬಹುದು ಅಂತ ಕಾಯಿದೆಯೇ ಹೇಳುತ್ತದೆ. ಒಂದು ಮಾತ್ರ ಬರುವುದಿಲ್ಲ: ಸಾವಿನ ಕಾರಣ. ಅದನ್ನು ನಕಲಿನಲ್ಲಿ ತೋರಿಸಬಾರದು ಅಂತಲೂ ಕಾಯಿದೆಯಲ್ಲೇ ಇದೆ. ಸಿಗದಿದ್ದರೆ 'ದಾಖಲೆ ಲಭ್ಯವಿಲ್ಲ' ಅಂತ ಹಿಂಬರಹ ಕೊಡುತ್ತಾರೆ. ಅದನ್ನೂ ಜೋಪಾನವಾಗಿಡಿ. ಇದೇ ಜಾಗದಲ್ಲಿ ಮತ್ತೆ ಹುಡುಕುವ ಶ್ರಮ ತಪ್ಪುತ್ತದೆ.

ನನಗೆ ಒಂದು ಕಚೇರಿಯಲ್ಲಿ ಮೂರು ಸಲ ಹಿಂಬರಹವೇ ಸಿಕ್ಕಿತು. ನಾನು ಕೇಳಿದ ವರ್ಷಗಳ ಕಟ್ಟನ್ನು ಗೆದ್ದಲು ತಿಂದಿತ್ತು. ಬಿಚ್ಚಿದರೆ ಮಣ್ಣು ಉದುರಿತು. ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ, ನಿಜ ಹೇಳುತ್ತೇನೆ.

ಆಮೇಲೆ ನೆನಪಾದದ್ದು ನಮ್ಮ ಊರಿನ ಹಳೇ ಶಾನುಭೋಗರ ಮನೆ. ಆ ಮನೆಯವರು ಬೆಂಗಳೂರು ಸೇರಿದ್ದಾರೆ. ಅಟ್ಟದ ಮೇಲೆ ಕೆಂಪು ಬಟ್ಟೆಯ ಕಟ್ಟುಗಳು ಇನ್ನೂ ಇದ್ದವು. ಕಂದಾಯದ ಪುಸ್ತಕಗಳನ್ನು ಆಗಲೇ ಸರ್ಕಾರಕ್ಕೆ ಒಪ್ಪಿಸಿದ್ದರು, ಇವು ತಮ್ಮ ಗುರುತಿಗೆ ಇಟ್ಟುಕೊಂಡಿದ್ದ ಪ್ರತಿಗಳು. ದೊಡ್ಡ ಮನಸ್ಸು ಮಾಡಿ ಬೀಗದ ಕೈ ಕೊಟ್ಟರು. ಅಕ್ಷರ ಮೋಡಿ. ಪೆನ್ನು ಎತ್ತದೆ ಉದ್ದಕ್ಕೆ ಎಳೆದ ಬರವಣಿಗೆ, ನನಗೆ ಓದಲು ಬರಲಿಲ್ಲ. ಓದಬಲ್ಲ ಹಿರಿಯರೊಬ್ಬರನ್ನು ಕರೆದುಕೊಂಡು ಹೋದೆ. ಅವರಿಗೆ ಆಗ ಎಂಬತ್ತೆಂಟು ವರ್ಷ. ನಿಮ್ಮ ಊರಿನಲ್ಲಿ ಮೋಡಿ ಓದುವವರು ಯಾರಾದರೂ ಉಳಿದಿದ್ದರೆ, ದಯವಿಟ್ಟು ಈ ತಿಂಗಳೇ ಹೋಗಿ ಅವರ ಹತ್ತಿರ ಕೂತುಕೊಳ್ಳಿ.

ಯಾವ ವರ್ಷ ಹುಡುಕುವುದು? ತಾತ ಇಸವಿ ಹೇಳಿರಲಿಲ್ಲ. "ಕಾಳಯುಕ್ತಿ ಸಂವತ್ಸರ" ಅಂದಿದ್ದರು. ಹಳಬರ ಲೆಕ್ಕ ಹಾಗೇ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. ಕಾಳಯುಕ್ತಿ 1858ರಲ್ಲಿ, 1918ರಲ್ಲಿ, 1978ರಲ್ಲಿ ಬಂದಿದೆ. ತಾತನ ವಯಸ್ಸು ನೋಡಿದರೆ 1918 ಅಂತ ಗೊತ್ತಾಯಿತು. ಇದರಲ್ಲಿ ಒಂದು ಕಡೆ ಎಡವುತ್ತೇವೆ. ಸಂವತ್ಸರ ಶುರುವಾಗುವುದು ಯುಗಾದಿಗೆ. ಪುಷ್ಯ, ಮಾಘ, ಫಾಲ್ಗುಣದಲ್ಲಿ ಆದದ್ದು ಹೆಚ್ಚಾಗಿ ಮುಂದಿನ ಇಸವಿಗೆ ಹೋಗುತ್ತದೆ. ದೀಪಾವಳಿಗೆ ಆ ತಾಪತ್ರಯ ಇಲ್ಲ. 1918ರ ದೀಪಾವಳಿ ಬಂದದ್ದು ನವೆಂಬರ್ ಮೊದಲ ವಾರ.

1918ರ ನವೆಂಬರ್! ವರ್ಷ ಗೊತ್ತಾದ ಕೂಡಲೇ ಆಕೆ ಯಾತರಿಂದ ಸತ್ತಿರಬಹುದು ಅನ್ನುವುದೂ ಹೊಳೆಯಿತು. ಅದು ಇನ್‌ಫ್ಲುಯೆಂಜಾ ವರ್ಷ. ಮೊದಲ ಮಹಾಯುದ್ಧದಿಂದ ಹಡಗಿನಲ್ಲಿ ಬಂದ ಸಿಪಾಯಿಗಳ ಜೊತೆ ಬಂದು, ರೈಲು ಹಿಡಿದು ಒಳನಾಡಿಗೆ ಹರಡಿ, ಒಂದು ಕೋಟಿಗೂ ಜಾಸ್ತಿ ಭಾರತೀಯರನ್ನು ಕೊಂದ ಜ್ವರ. 1901ರಿಂದ ಈಚೆಗೆ ಇಡೀ ದೇಶದ ಜನಸಂಖ್ಯೆ ಇಳಿದದ್ದು ಆ ಒಂದು ದಶಕದಲ್ಲಿ ಮಾತ್ರ, 1911ರಿಂದ 1921ರಲ್ಲಿ. ಮುದುಕರಿಗಿಂತ ಇಪ್ಪತ್ತು ಮೂವತ್ತರ ಪ್ರಾಯದವರನ್ನೇ ಅದು ಜಾಸ್ತಿ ಹಿಡಿಯಿತು. ಬಸುರಿಯರನ್ನು, ಬಾಣಂತಿಯರನ್ನು.

ಆ ಹಾಳೆ ಸಿಕ್ಕಿತು. ಹಿಂದಿನ ಇಡೀ ವರ್ಷಕ್ಕೆ ಊರಿನಲ್ಲಿ ಆರು ಸಾವು ಬರೆದಿದ್ದರು. ಆ ಒಂದೇ ಹಾಳೆಯಲ್ಲಿ ಹದಿನಾಲ್ಕು. ಸಾವಿನ ಕಾರಣದ ಮನೆಯಲ್ಲಿ ಮೊದಲ ಸಾಲಿಗೆ 'ಜ್ವರ' ಅಂತಿದೆ. ಕೆಳಗೆ 'ಸದರಿ'. ಅದರ ಕೆಳಗೆ 'ಸದರಿ'. ಹೀಗೆ ಹದಿಮೂರು ಸದರಿ. ಓದುತ್ತಿದ್ದ ಹಿರಿಯರು ನಾಲ್ಕೈದು ಸದರಿ ಓದಿ ಸುಮ್ಮನಾದರು. ನಾನು ಬೆರಳಿಟ್ಟುಕೊಂಡು ಉಳಿದದ್ದು ಎಣಿಸಿದೆ.

ಹನ್ನೊಂದನೇ ಸಾಲು ನಮ್ಮದು. ಮುತ್ತಾತನ ಹೆಸರು ಇದೆ, ಅವರ ತಂದೆಯ ಹೆಸರು ಇದೆ. ಆಮೇಲೆ: 'ಇವರ ಹೆಂಡತಿ. ಸು. 25.'

ಅಷ್ಟೇ. ಇವರ ಹೆಂಡತಿ.

ಈ ಹಳೇ ಪುಸ್ತಕಗಳ ರೀತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ವಯಸ್ಸಿನ ಮುಂದೆ 'ಸು.' ಅಂತಿದ್ದರೆ ಸುಮಾರು. ಅದು 25, 30, 40, 60 ಅಂತಲೇ ಇರುತ್ತದೆ, 27, 43 ಅಂತ ಇರುವುದಿಲ್ಲ. ಯಾರಿಗೂ ವಯಸ್ಸು ಗೊತ್ತಿರಲಿಲ್ಲ. ಐದು ವರ್ಷ ಆಚೆ ಈಚೆ ಇಟ್ಟುಕೊಂಡೇ ಲೆಕ್ಕ ಹಾಕಿ. ಕಾರಣವೂ ಹಾಗೇ. ಜ್ವರ, ವಾಂತಿ ಭೇದಿ, ಸಿಡುಬು, ಪ್ಲೇಗು. ಊರಿನ ಕಣ್ಣಿಗೆ ಕಂಡದ್ದು ಅಷ್ಟೇ. ಹೆಸರಿನಲ್ಲಿ 'ಬಿನ್' ಅಂದರೆ ಇಂಥವರ ಮಗ, 'ಕೋಂ' ಅಂದರೆ ಇಂಥವರ ಹೆಂಡತಿ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮದು. ರಂಗೇಗೌಡ ಬಿನ್ ತಿಮ್ಮೇಗೌಡ, ತಿಮ್ಮೇಗೌಡ ಬಿನ್ ರಂಗೇಗೌಡ, ಮತ್ತೆ ರಂಗೇಗೌಡ ಬಿನ್ ತಿಮ್ಮೇಗೌಡ. ಇಬ್ಬರನ್ನು ಒಬ್ಬರೇ ಅಂದುಕೊಂಡರೆ ಮಧ್ಯದ ಅರವತ್ತು ವರ್ಷ ಮಾಯ. ಆದ್ದರಿಂದ ಹೆಸರಿನ ಜೊತೆ ಯಾವಾಗಲೂ ಜಮೀನಿನ ಸರ್ವೆ ನಂಬರ್ ಹಿಡಿದುಕೊಳ್ಳಿ. ಹೆಸರು ತಿರುಗಿ ಬರುತ್ತದೆ, ಸರ್ವೆ ನಂಬರ್ ಬದಲಾದರೂ ಅದರ ಗುರುತು ಉಳಿದಿರುತ್ತದೆ.

ಜಮೀನು ಇದ್ದವರಿಗೆ ಎರಡನೇ ದಾರಿ ಪೌತಿ ಖಾತೆ. ಪೌತಿ ಅನ್ನುವ ಮಾತು ಅರಬ್ಬಿಯ ಫೌತ್‌ನಿಂದ ಬಂದದ್ದು, ಅಂದರೆ ಸಾವು. ಖಾತೆದಾರರು ಸತ್ತಾಗ ಖಾತೆ ಯಾರ ಹೆಸರಿಗೆ ಹೋಯಿತು ಅಂತ ಬರೆಯುವ ಪುಸ್ತಕ. ಈಗ ಎಂ.ಆರ್., ಅಂದರೆ ಮ್ಯುಟೇಷನ್ ರಿಜಿಸ್ಟರ್ ಅನ್ನುತ್ತೇವೆ. ಇದು ಬೇರೆ ಯಾವುದಕ್ಕಿಂತಲೂ ಚೆನ್ನಾಗಿ ಉಳಿದಿದೆ, ಯಾಕೆಂದರೆ ಇದರಲ್ಲಿ ಭೂಮಿ ಇದೆ. ಈಗಿನ ಪಹಣಿಯಿಂದ ಶುರು ಮಾಡಿ, ಅದರಲ್ಲಿರುವ ಎಂ.ಆರ್. ನಂಬರ್ ಹಿಡಿದು ಹಿಂದಕ್ಕೆ ಹೋಗಿ. ಒಂದೊಂದು ಮೆಟ್ಟಿಲೂ ಒಂದೊಂದು ಸಾವು. ಮುತ್ತಾತನ ಪೌತಿ ನನಗೆ ಹೀಗೇ ಸಿಕ್ಕಿತು. 'ಖಾತೆದಾರರು ಪೌತಿಯಾಗಿರುವುದರಿಂದ' ಅಂತ ಶುರುವಾಗಿ ಮೂವರು ಗಂಡುಮಕ್ಕಳ ಹೆಸರು. ತಾತನಿಗೆ ಇಬ್ಬರು ಅಕ್ಕ ತಂಗಿಯರಿದ್ದರು. ಅವರ ಸುದ್ದಿಯೇ ಇಲ್ಲ.

ಹೆಣ್ಣುಮಕ್ಕಳ ಹೆಸರು ಬೇಕಿದ್ದರೆ ಹಕ್ಕು ಖುಲಾಸೆ ಪತ್ರ ನೋಡಬೇಕು. ತವರಿನ ಆಸ್ತಿಯಲ್ಲಿ ತನಗೆ ಏನೂ ಬೇಡ ಅಂತ ಬರೆದುಕೊಡುವ ಪತ್ರ. ಹೆಣ್ಣುಮಕ್ಕಳಿಗೆ ಸಮಪಾಲು ಕರ್ನಾಟಕದಲ್ಲಿ 1994ರಲ್ಲಿ ಬಂತು, ದೇಶಕ್ಕೆಲ್ಲ 2005ರಲ್ಲಿ. ಆಮೇಲೆ ಇಂಥ ಪತ್ರಗಳು ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ ಬೇಕಾದಷ್ಟು. ಅದರಲ್ಲಿ ಅಕ್ಕ ತಂಗಿಯರ ಪೂರ್ತಿ ಹೆಸರು, ಗಂಡನ ಹೆಸರು, ಸೇರಿದ ಊರು, ವಯಸ್ಸು, ಹೆಬ್ಬೆಟ್ಟು ಎಲ್ಲ ಇರುತ್ತದೆ. ಬಿಟ್ಟುಕೊಡುವಾಗ ಮಾತ್ರ ಅವರ ಹೆಸರನ್ನು ಇಷ್ಟು ಚೆನ್ನಾಗಿ ಬರೆದಿದ್ದಾರೆ. ನನಗೆ ಇದು ತುಂಬಾ ನೋವಿನ ವಿಷಯ. ಹಾಗೇ ಹೇಳುತ್ತಿದ್ದೇನೆ.

ಇದು ನಮ್ಮ ಸೀಮೆಯೊಂದರ ಕಥೆಯೂ ಅಲ್ಲ. ದೇಶದ ಮೊದಲ ಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಅವರು ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಅಂತಷ್ಟೇ ಬರೆಸಿದ್ದರು. ಹೆಚ್ಚಿನವರು ಉತ್ತರದ ರಾಜ್ಯಗಳವರು. ನಮ್ಮ ಅಟ್ಟದ ಹನ್ನೊಂದನೇ ಸಾಲನ್ನು ನೋಡಿದ ಮೇಲೆ ಆ 28 ಲಕ್ಷ ನನಗೆ ಬರೀ ಅಂಕಿಯಾಗಿ ಕಾಣುವುದಿಲ್ಲ.

ಇಲ್ಲಿಗೆ ಬಂದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಎದ್ದು ನಿಂತು ಕೇಳಿದರು. "ಸರ್, ನಮ್ಮಪ್ಪ ಅಮ್ಮ ಮೂಡಿಗೆರೆ ಕಡೆ ತೋಟದ ಆಳುಗಳ ಲೈನ್ ಮನೇಲಿದ್ದೋರು. ನಮಗೆ ಜಮೀನೇ ಇರ್ಲಿಲ್ಲ. ಪಹಣಿ, ಪೌತಿ ಅಂದ್ರೆ ನಾವೆಲ್ಲಿ ಹೋಗೋದು?"

ಅವರು ಕೇಳಿದ್ದು ಒಳ್ಳೆಯದಾಯಿತು. ಜಮೀನಿನ ದಾಖಲೆ ಜಮೀನಿದ್ದವರ ದಾಖಲೆ. ಇಲ್ಲದವರಿಗೆ ಬೇರೆ ದಾರಿ ಹುಡುಕಬೇಕು. ತೋಟದಲ್ಲಿ ಚೆಕ್‌ರೋಲ್ ಅಂತ ಇರುತ್ತದೆ, ಆಳುಗಳ ಹಾಜರಿ, ಕೂಲಿಯ ಪುಸ್ತಕ. ಹೆಣ್ಣಾಳುಗಳ ಹೆಸರು ಅವರ ಸ್ವಂತ ಹೆಸರಾಗಿಯೇ ಇರುವ ಕೆಲವೇ ಹಳೇ ಪುಸ್ತಕಗಳಲ್ಲಿ ಅದೂ ಒಂದು. ಹಳೇ ತೋಟಗಳ ಆಫೀಸಿನಲ್ಲಿ ಕೇಳಿ. ಮೇಸ್ತ್ರಿಗಳ ಮನೆಯಲ್ಲಿ ಮುಂಗಡದ ಪುಸ್ತಕ ಇದ್ದರೂ ಇರಬಹುದು. ಘಟ್ಟದ ಕೆಳಗಿನ ಯಾವ ಊರಿನಿಂದ, ತಮಿಳು ಸೀಮೆಯ ಯಾವ ಕಡೆಯಿಂದ ಆಳು ಕರೆತಂದರು ಅನ್ನುವುದು ಅಲ್ಲಿ ಸಿಗುತ್ತದೆ. ಬಿಳಿ ದೊರೆಗಳ ಕಾಲದಲ್ಲಿ ತೋಟದ ದೊರೆ ಸತ್ತರೆ ಚರ್ಚಿನ ಸಮಾಧಿ ಪುಸ್ತಕದ ನಕಲು ಲಂಡನ್ನಿಗೆ ಹೋಗುತ್ತಿತ್ತು. ಇವತ್ತಿಗೂ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅದೇ ತೋಟದ ಆಳಿನ ಗುರುತಿಗೆ ಚೆಕ್‌ರೋಲ್ ಒಂದೇ. ದಯವಿಟ್ಟು ತೋಟದ ಮಾಲೀಕರು ಯಾರಾದರೂ ಇದನ್ನು ಓದುತ್ತಿದ್ದರೆ, ಹಳೇ ಚೆಕ್‌ರೋಲ್‌ಗಳನ್ನು ಒಲೆಗೆ ಹಾಕಿಸಬೇಡಿ.

ಗೇಣಿ ಮಾಡುತ್ತಿದ್ದ ಮನೆತನವಾದರೆ ಏಳನೇ ನಂಬರ್ ಫಾರಂ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರರು ಭೂ ನ್ಯಾಯಮಂಡಳಿಗೆ ಹಾಕಿದ ಅರ್ಜಿ. ಅರ್ಜಿಗಿಂತ ಅದರ ಜೊತೆಗಿರುವ ಹೇಳಿಕೆ ಮುಖ್ಯ. "ನಮ್ಮ ತಂದೆ ಉಳುತ್ತಿದ್ದರು, ಅದಕ್ಕೂ ಮೊದಲು ಅವರ ತಂದೆ" ಅಂತ ಅಕ್ಷರ ಬಾರದ ಜನ ನಿಂತು ಹೇಳಿದ್ದನ್ನು ಗುಮಾಸ್ತರು ಬರೆದುಕೊಂಡಿದ್ದಾರೆ. ನಾನು ಒಂದು ಕಡತದಲ್ಲಿ ಮೂರು ತಲೆಮಾರಿನ ಹೆಸರು ಒಂದೇ ಪುಟದಲ್ಲಿ ನೋಡಿದೆ. ಆ ಮನೆಯವರಿಗೇ ಅದು ಗೊತ್ತಿರಲಿಲ್ಲ.

ಗೊರೂರಿನ ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಊರಿನವರಾದರೆ ಭೂಸ್ವಾಧೀನದ ಪಟ್ಟಿ ಹುಡುಕಿ. ಪರಿಹಾರ ಯಾರಿಗೆ ಅಂತ ತೀರ್ಮಾನಿಸಲು ವಾರಸುದಾರರನ್ನೆಲ್ಲ ಬರೆದಿರುತ್ತಾರೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನವರಿಗೂ ಇದೇ ಮಾತು. ಕ್ರೈಸ್ತರಿಗೆ ಚರ್ಚಿನ ಜ್ಞಾನಸ್ನಾನ, ಮದುವೆ, ಸಮಾಧಿ ಪುಸ್ತಕಗಳಿವೆ. ಮುಸ್ಲಿಮರಿಗೆ ಜಮಾತಿನ ನಿಕಾಹ್ ಪುಸ್ತಕ. ಅರಸೀಕೆರೆ, ಕಡೂರು ಕಡೆಯ ಬಯಲುಸೀಮೆಯವರಾದರೆ ನಿಮ್ಮ ಮನೆಗೆ ಹೆಳವರು ಬರುತ್ತಿದ್ದರಾ ಅಂತ ಹಿರಿಯರನ್ನು ಕೇಳಿ. ಮನೆತನದ ಮೂಲ ಯಾವ ಊರು, ಯಾರ ಮಗ ಯಾರು ಅಂತ ಹೇಳುವುದೇ ಅವರ ಕಸುಬು. ಎಷ್ಟೋ ಜನರ ಹತ್ತಿರ ಈಗಲೂ ಪುಸ್ತಕ ಇದೆ. ಬಂದಾಗ ಕಾಳು ಕಡ್ಡಿ ಕೊಟ್ಟು ಸುಮ್ನೆ ಕಳಿಸಬೇಡಿ. ಕೂರಿಸಿ, ಓದಿಸಿ, ಬರೆದುಕೊಳ್ಳಿ.

ಇನ್ನೊಂದು ವಿಷಯ. ನೀವು ಹಳೇದನ್ನು ಕೇಳಲು ಹೋದ ಕೂಡಲೇ ದಾಯಾದಿಗಳು ಹೆದರುತ್ತಾರೆ. "ಇವನು ಪಾಲಿಗೆ ಬಂದ" ಅಂದುಕೊಳ್ಳುತ್ತಾರೆ. ವಂಶವೃಕ್ಷ ಅಂದರೆ ನಮ್ಮಲ್ಲಿ ಈಗ ಕೋರ್ಟಿಗೆ, ಪೌತಿಗೆ ಬೇಕಾದ ಕಾಗದ ಅಂತಲೇ ಆಗಿದೆ. ನನ್ನ ದೊಡ್ಡಪ್ಪನ ಮಗ ಎರಡು ವರ್ಷ ಟ್ರಂಕು ತೆಗೆಯಲಿಲ್ಲ. ನಾನು ಬೇಜಾರು ಮಾಡಿಕೊಳ್ಳದೆ ಹೋಗುತ್ತಲೇ ಇದ್ದೆ. ಕಾಗದ ಕೇಳಲಿಲ್ಲ. ತಾತನ ಕಥೆ ಹೇಳುತ್ತಿದ್ದೆ, ಹಂಡೆ ನೀರು ಚೆಲ್ಲಿದ್ದು. ಒಂದು ದಿನ ಅತ್ತಿಗೆಯೇ ಒಳಗಿಂದ ಟ್ರಂಕು ತಂದು ನನ್ನ ಮುಂದಿಟ್ಟರು. "ನೋಡಿ, ಇದ್ರಾಗೆ ಏನೈತೋ."

ಅದರ ತಳದಲ್ಲಿ ಒಂದು ಛಾಪಾ ಕಾಗದ ಇತ್ತು. ನಾಲ್ಕು ಮಡಿಕೆ, ಮಡಿಕೆಯಲ್ಲೆಲ್ಲ ಹರಿದಿದೆ. 'ಸೌಮ್ಯ ನಾಮ ಸಂವತ್ಸರದ ಮಾಘ ಮಾಸ' ಅಂತ ಶುರು. ಅಂದರೆ 1910ರ ಮೊದಲ ತಿಂಗಳುಗಳು. ಕಡೂರು ಜಿಲ್ಲೆ, ಮೂಡಿಗೆರೆ ತಾಲೂಕಿನ ಒಂದು ಊರಿನವರು ಮಗಳ ಮದುವೆಯ ಹೊತ್ತಿಗೆ ಅರಿಶಿನ ಕುಂಕುಮದ ಬಾಬ್ತು ಹತ್ತು ಗುಂಟೆ ಗದ್ದೆಯನ್ನು ದಾನವಾಗಿ ಬರೆದುಕೊಟ್ಟಿದ್ದಾರೆ. ಯಾರ ಮನೆಗೆ ಕೊಟ್ಟದ್ದು ಅಂತ ನಮ್ಮ ಮುತ್ತಾತನ ಹೆಸರು, ಊರು ಸರಿಯಾಗಿ ಇದೆ. ಮಗಳ ಹೆಸರೂ ಇದೆ.

ಬಿಂಡಿಗದ ದೇವೀರಮ್ಮನ ಹೆಸರು ಅದು. ಚಿಕ್ಕಮಗಳೂರಿನ ಹತ್ತಿರ, ದೀಪಾವಳಿಗೆ ಸಾವಿರಾರು ಜನ ರಾತ್ರಿಯಿಂದಲೇ ಬೆಟ್ಟ ಹತ್ತುತ್ತಾರಲ್ಲ, ಆ ದೇವೀರಮ್ಮ. ತವರಿನ ಮನೆದೇವರ ಹೆಸರನ್ನೇ ಮಗಳಿಗೆ ಇಟ್ಟಿದ್ದರು. ಆ ದೇವಿಯ ಹಬ್ಬಕ್ಕೇ ಆಕೆ ಹೋದದ್ದು. ನಾನು ಆ ಕಾಗದ ಹಿಡಿದುಕೊಂಡು ಅತ್ತಿಗೆಯ ಮುಂದೆ ಅತ್ತೆ. ಅವರೂ ಅತ್ತರು. ದೊಡ್ಡಪ್ಪನ ಮಗ ಎದ್ದು ಹೊರಗೆ ಹೋದ.

ಆ ವರ್ಷದ ಪಿತೃಪಕ್ಷಕ್ಕೆ ಎಡೆಯ ಮುಂದೆ ಹೆಸರು ಹಿಡಿದು ಕರೆದೆವು. ತಾತ ಇರಬೇಕಿತ್ತು.

ಆಮೇಲೆ ಆ ತವರೂರನ್ನು ನೋಡಬೇಕು ಅನ್ನಿಸಿತು. ನಕ್ಷೆಯಲ್ಲಿ ಇದೆ, ಸರ್ವೆ ನಂಬರ್ ಇದೆ. ವಿಚಾರಿಸಿದರೆ ಬೇಚರಾಕ್ ಅಂದರು. ತಂಗಿಯನ್ನು ಕರೆದುಕೊಂಡು ಹೋದೆ. ಈಗ ಅದು ಕಾಫಿ ತೋಟದ ಒಳಗೆ. ತೋಟದ ರೈಟರು ಒಳ್ಳೆಯವರು, ಜೊತೆಗೇ ಬಂದು ತೋರಿಸಿದರು. ಹತ್ತು ಗುಂಟೆ ಗದ್ದೆ ಎಲ್ಲಿತ್ತೋ, ಆ ತಗ್ಗಿನಲ್ಲಿ ಈಗ ಅಡಿಕೆ ಇದೆ. ಮನೆಗಳಿದ್ದ ಜಾಗದಲ್ಲಿ ಸಿಲ್ವರ್ ಓಕ್ ಮರಗಳು, ಅವಕ್ಕೆ ಮೆಣಸಿನ ಬಳ್ಳಿ. ಒಂದು ಕಡೆ ಪಾಯದ ಕಲ್ಲು ಸಾಲಾಗಿ ಇದೆ. ಅದರ ಹತ್ತಿರ ಒಂದು ಒರಳು ಕಲ್ಲು ನೆಲದಲ್ಲಿ ಅರ್ಧ ಹೂತಿತ್ತು. ಗುಳಿಯ ತುಂಬ ಮಳೆ ನೀರು, ಮೇಲೆ ಕಾಫಿ ಎಲೆ ತೇಲುತ್ತಿತ್ತು. ಅದು ಆಕೆಯ ಮನೆಯದೋ ಪಕ್ಕದವರದೋ ಹೇಳುವವರು ಯಾರೂ ಇಲ್ಲ. ತಂಗಿ ಎಲೆಯನ್ನು ತೆಗೆದುಹಾಕಿ, ಸುತ್ತ ಬೆಳೆದಿದ್ದ ಕಳೆ ಕಿತ್ತಳು. ಚೀಲದಿಂದ ಒಂದು ಹಣತೆ ತೆಗೆದು ಕಲ್ಲಿನ ಅಂಚಿಗೆ ಇಟ್ಟಳು. ಹಣತೆ ತಂದದ್ದು ನನಗೆ ಹೇಳಿರಲಿಲ್ಲ.